ಹಲ್ಲು ಕಟ್ಟಿಸಲು ಮುಂಗಡ ಕೊಡುವ ಮುನ್ನ



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಲಸಿಕೆ, ಬೇಸಿಗೆಯ ಮೇವು ಎಂದೆಲ್ಲ ಬರೆಯುವ ಪುಟದಲ್ಲಿ ಈ ಬಾರಿ ನಿಮ್ಮದೇ ಹಲ್ಲಿನ ಬಗ್ಗೆ ಬರೆಯುತ್ತಿದ್ದೇನೆ. ನಾನು ದನದ ಡಾಕ್ಟರು, ಹಲ್ಲಿನ ಡಾಕ್ಟರಲ್ಲ. ಆದರೂ ಬರೆಯಲು ಕಾರಣವಿದೆ. ಹಸುವಿಗೆ ಚಿಕಿತ್ಸೆ ಕೊಟ್ಟು ಕೈ ತೊಳೆಯುವ ಹೊತ್ತಿಗೆ ಒಂದೇ ಪ್ರಶ್ನೆ ಊರೂರಲ್ಲಿ ಕೇಳಿಬರುತ್ತಿದೆ: “ಡಾಕ್ಟ್ರೇ, ಸ್ಕ್ರೂ ಹಾಕಿ ಹಲ್ಲು ಕೂರಿಸ್ತಾರಂತಲ್ಲ, ಅದಕ್ಕೆ ಯಶಸ್ವಿನಿ ಕಾರ್ಡು ನಡೆಯುತ್ತಾ?” ಕೆಲವರು ಈ ಪ್ರಶ್ನೆ ಕೇಳುವ ಹೊತ್ತಿಗೆ ಕ್ಲಿನಿಕ್ಕಿಗೆ ಮುಂಗಡ ಕೊಟ್ಟಾಗಿರುತ್ತದೆ. ಒಬ್ಬ ಸದಸ್ಯೆಯಂತೂ ಹಲ್ಲಿನ ಖರ್ಚಿಗೆಂದು ಎರಡನೇ ಸೂಲಿನ ಹಸುವನ್ನೇ ಮಾರಲು ಹೊರಟಿದ್ದರು. ಈಗ ಹಸು ಮಾರಿ ಹಲ್ಲು ಹಾಕಿಸುವುದು, ವಿಮೆ ಹಣ ಬಂದ ಮೇಲೆ ಇನ್ನೊಂದು ಹಸು ತರುವುದು ಅವರ ಲೆಕ್ಕ. ಆ ವಿಮೆ ಹಣ ಬರುವಂಥದ್ದಲ್ಲ.

ಅದಕ್ಕೇ ಮೊದಲ ಮಾತು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಡಬ್ಬಿಯಲ್ಲಿ ಇರುವ ಕಾರ್ಡುಗಳಲ್ಲಿ ಯಾವುದೂ ಹುಳುಕಾಗಿ ಅಥವಾ ಅಲುಗಾಡಿ ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸುವ ಹಣ ಕೊಡುತ್ತದೆ ಎಂದು ನಂಬಿ ಹೊರಡಬೇಡಿ. ಇಂಪ್ಲಾಂಟ್ ಬೇಡ ಎಂದು ನಾನು ಹೇಳುತ್ತಿಲ್ಲ. ಹಣ ಯಾರ ಕೈಯಿಂದ ಹೋಗುತ್ತದೆ ಎಂಬುದು ಮುಂಗಡ ಕೊಡುವ ಮೊದಲೇ ನಿಮಗೆ ಗೊತ್ತಿರಬೇಕು, ಅದೂ ಬಾಯಿಮಾತಿನಲ್ಲಲ್ಲ, ಕಾಗದದ ಮೇಲೆ.

ಇಂಪ್ಲಾಂಟ್ ಎಂದರೆ ಏನು, ಅಷ್ಟು ಬೆಲೆ ಏಕೆ?

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಲೋಹದ ಸಣ್ಣ ತಿರುಪು. ಇದರ ಹಿಂದೆ ನಮ್ಮ ಪ್ರಾಣಿಲೋಕದ ಕಥೆಯೊಂದಿದೆ. ಸ್ವೀಡನ್ ದೇಶದ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ಸಂಶೋಧಕರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಯಲ್ಲಿ ರಕ್ತ ಹರಿಯುವುದನ್ನು ನೋಡಲು ಟೈಟಾನಿಯಂನ ಸಣ್ಣ ಸಾಧನ ಕೂರಿಸಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ, ಮೂಳೆ ಲೋಹವನ್ನು ಹಿಡಿದುಕೊಂಡಿತ್ತು. ಆ ಹಿಡಿತವನ್ನೇ ಬಳಸಿ 1965ರಲ್ಲಿ ಮೊದಲ ಬಾರಿಗೆ ಮನುಷ್ಯರ ಬಾಯಲ್ಲಿ ಇಂಪ್ಲಾಂಟ್ ಕೂರಿಸಿದರು.

ತಿರುಪು ಕೂರಿಸಿದ ದಿನವೇ ಎಲ್ಲ ಮುಗಿಯುವುದಿಲ್ಲ. ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಆಮೇಲೆ ಅದರ ಮೇಲೆ ಒಂದು ಜೋಡಣೆ, ಜೋಡಣೆಯ ಮೇಲೆ ಹಲ್ಲಿನ ಕ್ಯಾಪ್. ಮೂಳೆ ಸವೆದಿದ್ದರೆ ಮೊದಲು ಮೂಳೆ ಪುಡಿ ತುಂಬಿಸಬೇಕಾಗುತ್ತದೆ. ಸ್ಕ್ಯಾನ್ ಖರ್ಚು ಬೇರೆ. ನಮ್ಮ ಕಡೆಯ ಖಾಸಗಿ ಕ್ಲಿನಿಕ್ಕುಗಳಲ್ಲಿ ಒಂದು ಹಲ್ಲಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿ ಆಗುತ್ತದೆ. ಬೋರ್ಡಿನ ಮೇಲೆ ಕಡಿಮೆ ದರ ಕಂಡರೆ ಅದು ಬರೀ ತಿರುಪಿನ ದರವೋ, ಕ್ಯಾಪ್ ಸೇರಿದ ದರವೋ ಎಂದು ಕೇಳಿ. ಕರು ಬಿಟ್ಟು ಹಸುವಿನ ಬೆಲೆ ಹೇಳಿದ ಹಾಗೆ ಅರ್ಧ ದರ ಹೇಳುವವರು ಎಲ್ಲ ವ್ಯಾಪಾರದಲ್ಲೂ ಇದ್ದಾರೆ.

ಇದನ್ನು ಹಾಲಿನ ಲೆಕ್ಕಕ್ಕೆ ತನ್ನಿ. ನಿಮ್ಮ ಹಸು ದಿನಕ್ಕೆ 10 ಲೀಟರ್ ಹಾಲು ಕೊಡುತ್ತದೆ, ಹಿಂಡಿ, ಬೂಸಾ, ಮೇವು, ಔಷಧದ ಖರ್ಚು ಕಳೆದು ಲೀಟರಿಗೆ 10 ರೂಪಾಯಿ ಉಳಿಯುತ್ತದೆ ಎಂದು ಇಟ್ಟುಕೊಳ್ಳಿ. ತಿಂಗಳಿಗೆ ಉಳಿಯುವುದು 3,000. ಆಗ 40 ಸಾವಿರದ ಒಂದು ಹಲ್ಲಿಗೆ ಹದಿಮೂರು ತಿಂಗಳಿಗೂ ಹೆಚ್ಚಿನ ಉಳಿತಾಯ ಹೋಗುತ್ತದೆ. ಎರಡು ಹಲ್ಲಾದರೆ ಎರಡು ವರ್ಷ ದಾಟಿತು. ಇಷ್ಟು ದೊಡ್ಡ ಮೊತ್ತವನ್ನು “ಕಾರ್ಡು ನೋಡಿಕೊಳ್ಳುತ್ತೆ” ಎಂಬ ಒಂದು ಮಾತಿನ ಮೇಲೆ ನಿಲ್ಲಿಸಬಾರದು.

ಹಸುವಿನ ವಿಮೆ ಗೊತ್ತಿದ್ದವರಿಗೆ ಇದು ಕಷ್ಟವಲ್ಲ

ವಿಮೆ ಅರ್ಥವಾಗುವುದಿಲ್ಲ ಎಂದು ನೀವು ಹೇಳಿದರೆ ನಾನು ಒಪ್ಪುವುದಿಲ್ಲ. ಹಸುವಿನ ವಿಮೆಯ ಕಾಗದಕ್ಕೆ ನನ್ನಿಂದ ಸಹಿ ಹಾಕಿಸಿಕೊಳ್ಳುವಾಗ ನಿಮ್ಮಲ್ಲಿ ಎಷ್ಟೋ ಜನ ಎಜೆಂಟರಿಗಿಂತ ಚೆನ್ನಾಗಿ ನಿಯಮ ಹೇಳುತ್ತೀರಿ. ಕಿವಿ ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ. ಪಾಲಿಸಿ ಶುರುವಾದ ಮೊದಲ ಕೆಲವು ದಿನಗಳಲ್ಲಿ ರೋಗದಿಂದ ಸತ್ತರೆ ಹಣ ಇಲ್ಲ. ಸತ್ತ ಕೂಡಲೇ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು, ಹೂಳುವ ಮೊದಲು ಫೋಟೋ ಬೇಕು. ಇವೆಲ್ಲ ನಿಮಗೆ ಬಾಯಿಪಾಠ.

ಈಗ ಇದನ್ನು ಯೋಚಿಸಿ. ಕೆಚ್ಚಲು ಬಾವು ಬಂದು ಒಂದು ಮೊಲೆ ಶಾಶ್ವತವಾಗಿ ಹಾಳಾಯಿತು, ಹಸು ಮೂರೇ ಮೊಲೆಯಲ್ಲಿ ಹಾಲು ಕೊಡುತ್ತದೆ. ನಷ್ಟ ನಿಜ, ಪ್ರತಿ ಬಟವಾಡೆಯಲ್ಲೂ ಕಾಣುತ್ತದೆ. ಆದರೆ ವಿಮೆ ಕೊಡುತ್ತದೆಯೇ? ಇಲ್ಲ. ಹಸು ಸತ್ತರೆ ಕೊಡುತ್ತದೆ, ಒಂದು ಮೊಲೆ ಹೋದರೆ ಕೊಡುವುದಿಲ್ಲ. ಏಕೆಂದರೆ ವಿಮೆ ಎಂಬುದು ಅಪರೂಪಕ್ಕೆ ಬರುವ, ಬಂದರೆ ಮನೆ ಮುಳುಗಿಸುವ ನಷ್ಟಕ್ಕೆ ಹತ್ತಾರು ಸಾವಿರ ಜನ ಸೇರಿ ಇಡುವ ಗಂಟು. ಎಲ್ಲರಿಗೂ ಆಗುವ, ನಿಧಾನಕ್ಕೆ ಆಗುವ, ಮೊದಲೇ ತಡೆಯಬಹುದಾದ ನಷ್ಟವನ್ನು ಆ ಗಂಟು ಹೊರಲಾರದು.

ಹಲ್ಲು ವಿಮೆಯ ಕಣ್ಣಿಗೆ ಆ ಮೊಲೆಯ ಹಾಗೆ. ವಯಸ್ಸಾದಂತೆ ಹಲ್ಲು ಹೋಗುವವರೇ ಹೆಚ್ಚು. ಇಂಪ್ಲಾಂಟ್ ಹಾಕುವುದು ಕ್ಲಿನಿಕ್ಕಿನ ಕುರ್ಚಿಯಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಲ್ಲ. ನಮ್ಮ ಆರೋಗ್ಯ ವಿಮೆಗಳು ಬಹುಮಟ್ಟಿಗೆ ಆ ಹಾಸಿಗೆಯ ಖರ್ಚಿಗೆ ಕಟ್ಟಿದವು. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಯಾವ ಕಾರ್ಡು ಏನು ಕೊಡುತ್ತದೆ?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಚಿಕಿತ್ಸೆ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ದವಡೆ ಮೂಳೆ ಮುರಿದರೆ ಸರಿಪಡಿಸುವಂಥ ಶಸ್ತ್ರಚಿಕಿತ್ಸೆಗಳು ಇದರಲ್ಲಿವೆ. ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಳ್ಳುವ ಯೋಜನೆ ಇದಲ್ಲ.

ಯಶಸ್ವಿನಿ: ನಮ್ಮ ಸಹಕಾರಿಗಳ ಸ್ವಂತ ಯೋಜನೆ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. “ಪಟ್ಟಿಯಲ್ಲಿರುವ” ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಹೃದಯ, ಗರ್ಭಕೋಶ, ಮೂತ್ರಪಿಂಡದ ಶಸ್ತ್ರಚಿಕಿತ್ಸೆಗೆ ಈ ಕಾರ್ಡು ಎಷ್ಟು ಮನೆ ಉಳಿಸಿದೆ ಎಂಬುದು ನಿಮ್ಮ ಊರಲ್ಲೇ ಗೊತ್ತಿದೆ. ಕ್ಲಿನಿಕ್ಕಿನಲ್ಲಿ ಕೂತು ಹಾಕಿಸಿಕೊಳ್ಳುವ ಹಲ್ಲಿಗೆ ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ: ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತದಲ್ಲ, ಅದು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಇಲ್ಲವೇ ಕಾಲು ಶಾಶ್ವತವಾಗಿ ಹೋದರೆ 1 ಲಕ್ಷ. ಹಲ್ಲು ಇದರಲ್ಲಿ ಇಲ್ಲ.

ದಂತಭಾಗ್ಯ: ಇದು ವಿಮೆಯಲ್ಲ, ರಾಜ್ಯ ಸರ್ಕಾರ 2014ರಲ್ಲಿ ತಂದ ಯೋಜನೆ. ಹಲ್ಲೆಲ್ಲ ಹೋದ ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಉಚಿತ. ಇಂಪ್ಲಾಂಟ್ ಅಲ್ಲ, ತೆಗೆದು ಹಾಕುವ ಸೆಟ್. ಆದರೆ ಮುದ್ದೆ ನುಂಗಿ, ಅನ್ನ ಕಲಸಿ ದಿನ ತಳ್ಳುತ್ತಿರುವ ಅತ್ತೆಗೆ, ಅಮ್ಮನಿಗೆ ಇದೇ ದೊಡ್ಡ ಉಪಕಾರ. ಬಿಪಿಎಲ್ ಕಾರ್ಡು, ಆಧಾರ್ ತೆಗೆದುಕೊಂಡು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ.

ಖಾಸಗಿ ಪಾಲಿಸಿ, ಮಗನ ಕಂಪನಿಯ ಪಾಲಿಸಿ: ಇಲ್ಲಿ ಹೆಚ್ಚು ಗೊಂದಲ. ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಎಲ್ಲ ಕಂಪನಿಗಳೂ ಒಂದೇ ಬಗೆಯ ಷರತ್ತಿನಲ್ಲಿ ಮಾರಬೇಕು ಎಂದು ತಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ “ರೋಗ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆ” ಎಂಬ ಸಾಲು ಇದೆ. ಎಜೆಂಟರು ಈ ಸಾಲನ್ನು ತೋರಿಸುತ್ತಾರೆ. ಆದರೆ ಆ ಸಾಲು ಇರುವುದು ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿನ ಭಾಗದಲ್ಲಿ. ಜೊತೆಗೆ ಮಂಜೂರಾದ ಪ್ರತಿ ಕ್ಲೇಮಿನ ಶೇ. 5ರಷ್ಟನ್ನು ನೀವೇ ಹೊರಬೇಕು. ಬೇರೆ ಬಹಳಷ್ಟು ಪಾಲಿಸಿಗಳಲ್ಲಿ ಅಪಘಾತವಾಗಿ ಆಸ್ಪತ್ರೆ ಸೇರಿದರೆ ಮಾತ್ರ ಹಲ್ಲಿನ ಚಿಕಿತ್ಸೆ ಎಂದಿರುತ್ತದೆ. ಕೆಲವು ಪಾಲಿಸಿಗಳಲ್ಲಿ ಹೊರರೋಗಿ ಸೌಲಭ್ಯ ಇರುತ್ತದೆ. ಅಲ್ಲೂ ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿ ಇರುತ್ತದೆ, ಇಂಪ್ಲಾಂಟನ್ನು ಹೆಸರು ಹಿಡಿದೇ ಹೊರಗಿಟ್ಟಿರುವುದೂ ಉಂಟು.

ಪಾಲಿಸಿಯಲ್ಲಿ ಹುಡುಕಬೇಕಾದ ನಾಲ್ಕು ಸಂಗತಿ

ಇಡೀ ಪಾಲಿಸಿ ಪುಸ್ತಕ ಓದಲು ಯಾರಿಗೂ ಪುರುಸೊತ್ತಿಲ್ಲ. 2024ರ ಜನವರಿಯಿಂದ ಪ್ರತಿ ಆರೋಗ್ಯ ಪಾಲಿಸಿಯ ಜೊತೆ ಸರಳ ಭಾಷೆಯ ‘ಗ್ರಾಹಕ ಮಾಹಿತಿ ಪತ್ರ’ವನ್ನು ಹೊಸ ನಮೂನೆಯಲ್ಲಿ ಕೊಡಬೇಕೆಂದು ನಿಯಮವಾಗಿದೆ. ಕೇಳಿದರೆ ಕನ್ನಡದಲ್ಲೇ ಕೊಡಬೇಕು. ಕೇಳಿ. ಅದರಲ್ಲಿ ಇವನ್ನು ನೋಡಿ.

ಒಂದು, ಏನು ಸೇರಿಲ್ಲ ಎಂಬ ಪಟ್ಟಿ. ಮೊದಲು ಓದಬೇಕಾದ್ದು ಇದನ್ನೇ. ‘ದಂತ ಚಿಕಿತ್ಸೆ’ ಎಂಬ ಪದ ಅಲ್ಲಿ ಇದೆಯೇ, ಇದ್ದರೆ ಅದರ ಮುಂದೆ “ಹೊರತು” ಎಂದು ಏನಾದರೂ ಬರೆದಿದೆಯೇ ನೋಡಿ. ಆ “ಹೊರತು” ಎಂಬ ಪದದ ನಂತರ ಇರುವುದಷ್ಟೇ ನಿಮಗೆ ಸಿಗುವುದು.

ಎರಡು, ಕಾಯುವ ಅವಧಿ. ಹಸುವಿನ ವಿಮೆಯಲ್ಲಿ ಕೆಲವು ದಿನ ಇರುವಂತೆ ಇಲ್ಲೂ ಅಪಘಾತ ಬಿಟ್ಟು ಉಳಿದದ್ದಕ್ಕೆ ಸಾಮಾನ್ಯವಾಗಿ ಮೊದಲ 30 ದಿನ ಏನೂ ಇಲ್ಲ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಇಂದು ಹಲ್ಲು ನೋವು, ನಾಳೆ ಪಾಲಿಸಿ, ನಾಡಿದ್ದು ಕ್ಲೇಮ್ ಎಂಬುದು ನಡೆಯುವುದಿಲ್ಲ.

ಮೂರು, ಮಿತಿ. ಐದು ಲಕ್ಷದ ಪಾಲಿಸಿ ಎಂದರೆ ಹಲ್ಲಿಗೂ ಐದು ಲಕ್ಷ ಎಂದಲ್ಲ. ಹಲ್ಲಿಗೆ ಬೇರೆ ಮಿತಿ ಇರಬಹುದು.

ನಾಲ್ಕು, ದಾಖಲಾತಿಯ ಷರತ್ತು. 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕೇ, ದಿನದೊಳಗೆ ಮನೆಗೆ ಕಳಿಸುವ ಚಿಕಿತ್ಸೆಯ ಪಟ್ಟಿಯಲ್ಲಿ ಇದು ಬರುತ್ತದೆಯೇ ನೋಡಿ.

ಇಷ್ಟು ನೋಡಿದ ಮೇಲೂ ಅನುಮಾನ ಇದ್ದರೆ, ದಂತವೈದ್ಯರಿಂದ ಚಿಕಿತ್ಸೆಯ ಹೆಸರು ಮತ್ತು ಅಂದಾಜು ಖರ್ಚು ಬರೆಸಿಕೊಂಡು ವಿಮಾ ಕಂಪನಿಗೆ ಪತ್ರ ಅಥವಾ ಇಮೇಲ್ ಕಳಿಸಿ: “ಈ ಚಿಕಿತ್ಸೆಗೆ ನನ್ನ ಪಾಲಿಸಿಯಲ್ಲಿ ಹಣ ಬರುತ್ತದೆಯೇ, ಎಷ್ಟು?” ಮಗಳ ಫೋನಿನಿಂದ ಕಳಿಸಿದರೂ ಸಾಕು. ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ. “ನಮ್ಮಲ್ಲಿ ಎಲ್ಲ ಇನ್ಶೂರೆನ್ಸ್ ನಡೆಯುತ್ತೆ” ಎಂದು ಕ್ಲಿನಿಕ್ಕಿನವರು ಹೇಳಿದರೆ, ಅದೇ ಮಾತನ್ನು ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡಲು ಹೇಳಿ. ಬರೆದುಕೊಡದ ಮಾತಿಗೆ ಬೆಲೆ ಇಲ್ಲ.

ಪಾಲಿಸಿ ಕೊಂಡ ಮೇಲೆ ಎಜೆಂಟರು ಹೇಳಿದ್ದು ಒಂದು, ಕಾಗದದಲ್ಲಿ ಇರುವುದು ಇನ್ನೊಂದು ಎಂದು ಗೊತ್ತಾದರೆ, ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸಬಹುದು. ನ್ಯಾಯವಾಗಿ ಬರಬೇಕಾದ ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಪ್ರಾಧಿಕಾರದ ಸಹಾಯವಾಣಿ 155255.

ಹಸು ಒದ್ದು ಹಲ್ಲು ಹೋದರೆ

ನಮ್ಮ ಕಸುಬಿನಲ್ಲಿ ಇದು ದೂರದ ಮಾತಲ್ಲ. ಹಾಲು ಕರೆಯಲು ಕೂತವರ ಮುಖಕ್ಕೆ ಕಾಲು ಬೀಸುವುದು, ತಲೆ ಕೊಡವಿದಾಗ ಕೊಂಬು ತಾಗುವುದು ಎಲ್ಲ ಕಂಡಿದ್ದೇವೆ. ಇಂಥ ಗಾಯ ಅಪಘಾತದ ಲೆಕ್ಕಕ್ಕೆ ಬರುತ್ತದೆ. ಆದರೆ ದಾಖಲೆ ಇಲ್ಲದ ಗಾಯ, ಓಲೆ ಇಲ್ಲದ ಹಸುವಿನ ಹಾಗೆ. ಅದೇ ದಿನ ಆಸ್ಪತ್ರೆಗೆ ಹೋಗಿ. ಹೇಗಾಯಿತು, ಯಾವ ಹಲ್ಲು ಹೋಯಿತು, ಎಷ್ಟು ಹೋಯಿತು ಎಂದು ಚೀಟಿಯಲ್ಲಿ ಬರೆಸಿ. “ಬಿದ್ದು ಪೆಟ್ಟಾಯಿತು” ಎಂದು ನಾಚಿಕೆಗೆ ಸುಳ್ಳು ಹೇಳಬೇಡಿ, ಮುಂದೆ ಕ್ಲೇಮಿಗೆ ಅದೇ ಅಡ್ಡ ಬರುತ್ತದೆ.

ಇನ್ನೊಂದು ಮಾತು ಪ್ರತಿ ಮನೆಗೂ ಗೊತ್ತಿರಬೇಕು. ಪೂರ್ತಿ ಕಿತ್ತು ಬಂದ ಶಾಶ್ವತ ಹಲ್ಲನ್ನು ಮತ್ತೆ ಅದೇ ಜಾಗದಲ್ಲಿ ಕೂರಿಸಲು ಸಾಧ್ಯವಿದೆ. ಹಲ್ಲನ್ನು ಬೇರಿನ ಕಡೆ ಮುಟ್ಟದೆ, ಅಗಿಯುವ ತುದಿಯಲ್ಲಿ ಹಿಡಿದು ಎತ್ತಿ. ಬೇರನ್ನು ಉಜ್ಜಬೇಡಿ, ಬಟ್ಟೆಯಲ್ಲಿ ಸುತ್ತಿ ಒಣಗಿಸಬೇಡಿ. ತಣ್ಣಗಿನ ಹಾಲಿರುವ ಲೋಟದಲ್ಲಿ ಹಾಕಿಕೊಂಡು ದಂತವೈದ್ಯರ ಬಳಿ ಓಡಿ, ಸಾಧ್ಯವಾದರೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ. ಬೇರಿನ ಜೀವಕೋಶಗಳನ್ನು ಹಾಲು ಸ್ವಲ್ಪ ಹೊತ್ತು ಬದುಕಿಸಿಡುತ್ತದೆ. ನಿಮ್ಮ ಮನೆಯಲ್ಲಿ ಯಾವಾಗಲೂ ಇರುವ ವಸ್ತುವೇ 40 ಸಾವಿರದ ಖರ್ಚು ತಪ್ಪಿಸಬಹುದು. ಮಕ್ಕಳ ಹಾಲುಹಲ್ಲಿಗೆ ಇದು ಅನ್ವಯಿಸುವುದಿಲ್ಲ, ಅದನ್ನು ಮತ್ತೆ ಕೂರಿಸಬಾರದು.

ಕೈಯಿಂದಲೇ ಕೊಡುವುದಾದರೆ

ವಿಮೆ ಇಲ್ಲ ಎಂದು ಗೊತ್ತಾದ ಮೇಲೂ ಇಂಪ್ಲಾಂಟ್ ಬೇಕು ಎನಿಸಿದರೆ, ಹಾಕಿಸಿಕೊಳ್ಳುವುದು ನಿಮ್ಮ ಹಕ್ಕು. ಆದರೆ ಕ್ರಮವಾಗಿ ಹೋಗಿ.

ಮೊದಲು ಬೇರೆ ದಾರಿಗಳ ದರವನ್ನೂ ಕೇಳಿ. ಅಕ್ಕಪಕ್ಕದ ಹಲ್ಲಿಗೆ ಕಟ್ಟುವ ಬ್ರಿಡ್ಜ್ ಇದೆ, ತೆಗೆದು ಹಾಕುವ ಹಲ್ಲು ಇದೆ. ಬ್ರಿಡ್ಜಿಗೆ ಅಕ್ಕಪಕ್ಕದ ಒಳ್ಳೆಯ ಹಲ್ಲನ್ನು ಉಜ್ಜಬೇಕಾಗುತ್ತದೆ, ತೆಗೆದು ಹಾಕುವುದು ಕೆಲವರಿಗೆ ಒಗ್ಗುವುದಿಲ್ಲ. ಆದರೆ ಖರ್ಚು ಬಹಳ ಕಡಿಮೆ. ಮೂರರ ಲಾಭ ನಷ್ಟವನ್ನೂ ವಿವರಿಸುವ ವೈದ್ಯರು ನಿಮ್ಮ ವೈದ್ಯರು.

ಎರಡನೆಯದು, ನಿಮ್ಮ ಆರೋಗ್ಯ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಕಡ್ಡಿಪುಡಿ ಹೊಗೆಸೊಪ್ಪು ಬಾಯಲ್ಲಿ ಇದ್ದರೆ, ಇಂಪ್ಲಾಂಟ್ ಹಿಡಿಯದೆ ಹೋಗುವ ಸಾಧ್ಯತೆ ಹೆಚ್ಚು. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಇದನ್ನು ಕೇಳದೆ ನೇರ ಮುಂಗಡ ಕೇಳುವ ಕ್ಲಿನಿಕ್ಕಿನಿಂದ ಎದ್ದು ಬನ್ನಿ.

ಮೂರನೆಯದು, ಬಿಲ್ಲು. ಸ್ಕ್ಯಾನ್, ತಿರುಪು, ಮೂಳೆ ಪುಡಿ, ಜೋಡಣೆ, ಕ್ಯಾಪ್, ಮುಂದಿನ ತಪಾಸಣೆ ಎಂದು ಬಿಡಿಬಿಡಿಯಾಗಿ ಬರೆಸಿ. ಇಂಪ್ಲಾಂಟ್ ಹಿಡಿಯದಿದ್ದರೆ ಮತ್ತೆ ಹಾಕಲು ದುಡ್ಡು ಕೊಡಬೇಕೇ ಎಂಬುದನ್ನೂ ಬರೆಸಿ. ಹಣವನ್ನು ಹಂತಹಂತವಾಗಿ ಕೊಡಿ, ತಿರುಪಿನ ದಿನ ಒಂದು ಭಾಗ, ಕ್ಯಾಪ್ ಕೂತ ದಿನ ಉಳಿದದ್ದು. ತಿರುಪಿನ ಕಂಪನಿ ಮತ್ತು ಸಂಖ್ಯೆ ಇರುವ ಚೀಟಿ ಕೇಳಿ ಇಟ್ಟುಕೊಳ್ಳಿ. ವೀರ್ಯ ನಳಿಕೆಯ ಮೇಲಿನ ಹೋರಿ ಸಂಖ್ಯೆಯನ್ನು ಬರೆದಿಡುವ ನಿಮಗೆ ಇದು ಹೊಸದಲ್ಲ.

ನಾಲ್ಕನೆಯದು, ಸಾಲ. “ಬಡ್ಡಿ ಇಲ್ಲದ ಕಂತು” ಎಂದು ಕ್ಲಿನಿಕ್ಕಿನ ಮೇಜಿನ ಮೇಲೇ ಸಹಿ ಹಾಕಿಸುತ್ತಾರೆ. ಅದು ಕ್ಲಿನಿಕ್ಕಿನ ಉಪಕಾರವಲ್ಲ, ಫೈನಾನ್ಸ್ ಕಂಪನಿ ನಿಮ್ಮ ಹೆಸರಿಗೆ ಕೊಡುವ ಸಾಲ. ಚಿಕಿತ್ಸೆ ಅರ್ಧಕ್ಕೆ ನಿಂತರೂ ಕಂತು ನಿಲ್ಲುವುದಿಲ್ಲ. 2024ರ ಅಕ್ಟೋಬರ್‌ನಿಂದ ಇಂಥ ಸಾಲಗಳಿಗೆ ಎಲ್ಲ ಶುಲ್ಕ ಸೇರಿದ ವಾರ್ಷಿಕ ದರ ತೋರಿಸುವ ಮುಖ್ಯ ವಿವರ ಪತ್ರವನ್ನು, ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಸಹಿಗೆ ಮೊದಲು ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. 40 ಸಾವಿರವನ್ನು 12 ಕಂತು ಮಾಡಿದರೆ ತಿಂಗಳಿಗೆ 3,333. ಮೇಲೆ ಹಿಡಿದ ಲೆಕ್ಕದ ಹಸುವಿನ ಉಳಿತಾಯಕ್ಕಿಂತ ಇದೇ ಹೆಚ್ಚು. ಕರು ಹಾಕುವ ಮುಂಚಿನ ಎರಡು ತಿಂಗಳು ಹಸು ಬತ್ತುತ್ತದೆ, ಕಂತು ಬತ್ತುವುದಿಲ್ಲ.

ಹಾಲು ಕೊಡುವ ಹಸುವನ್ನು ಹಲ್ಲಿಗಾಗಿ ಮಾರುವುದನ್ನಂತೂ ನಾನು ಒಪ್ಪುವುದಿಲ್ಲ. ಗಾಯ, ಕೀವು, ನೋವು ತುರ್ತು. ಅದಕ್ಕೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿದ್ದಾರೆ. ಖಾಲಿ ಜಾಗ ತುಂಬಿಸುವುದಕ್ಕೆ ಕೆಲವು ತಿಂಗಳು ಯೋಚಿಸಿ ಹಣ ಕೂಡಿಡಲು ಅವಕಾಶ ಇರುತ್ತದೆ, ಎಷ್ಟು ಕಾಯಬಹುದು ಎಂದು ವೈದ್ಯರನ್ನೇ ಕೇಳಿ. ಬೆಂಗಳೂರು, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ದಾವಣಗೆರೆ, ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿಯಂಥ ಊರುಗಳಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಅಲ್ಲಿ ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ಮಾಡುವುದರಿಂದ ಸಾಮಾನ್ಯವಾಗಿ ಖರ್ಚು ಕಡಿಮೆ, ಓಡಾಟ ಹೆಚ್ಚು.

ಹಲ್ಲು ಶೋಕಿಯಲ್ಲ

“ಈ ವಯಸ್ಸಲ್ಲಿ ನಿನಗೇಕೆ ಹಲ್ಲು?” ಎಂದು ಮನೆಯಲ್ಲಿ ಕೇಳುವವರಿಗೆ ಒಂದು ಮಾತು. ಹಲ್ಲು ಸವೆದ ಹಸು ಮೇವು ನುರಿಸಲಾರದು, ಮೈ ಇಳಿಯುತ್ತದೆ, ಹಾಲು ಇಳಿಯುತ್ತದೆ. ಅದಕ್ಕೇ ಸಂತೆಯಲ್ಲಿ ಬಾಯಿ ಬಿಡಿಸಿ ನೋಡಿಯೇ ಬೆಲೆ ಕಟ್ಟುತ್ತಾರೆ. ಹಸುವಿಗೆ ಇಷ್ಟು ಮುಖ್ಯವಾದದ್ದು ಅದನ್ನು ಸಾಕುವವಳಿಗೆ ಮುಖ್ಯವಲ್ಲವೇ? ಹಲ್ಲಿಲ್ಲದ ಹೆಂಗಸು ರೊಟ್ಟಿ ಬಿಡುತ್ತಾಳೆ, ಕಾಳು ಬಿಡುತ್ತಾಳೆ, ಹಸಿ ತರಕಾರಿ ಬಿಡುತ್ತಾಳೆ, ಕೊನೆಗೆ ಗಂಜಿಗೆ ಬಂದು ನಿಲ್ಲುತ್ತಾಳೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮ ಹೆಂಗಸರ ಬದುಕಿನಲ್ಲಿ ನಿಜವಾಗಿಬಿಟ್ಟಿದೆ. ಮಕ್ಕಳ ಫೀಸು, ಗಂಡನ ಆಸ್ಪತ್ರೆ, ಹಸುವಿನ ಹಿಂಡಿ ಎಲ್ಲ ಆದ ಮೇಲೆ ತಮ್ಮ ಹಲ್ಲು. ಅಷ್ಟರಲ್ಲಿ ಒಂದು ಹುಳುಕು ಮೂರು ಹಲ್ಲು ತಿಂದಿರುತ್ತದೆ.

ಹುಳುಕು ಸಣ್ಣದಿದ್ದಾಗ ತುಂಬಿಸಿದರೆ ಕೆಲವು ನೂರು ರೂಪಾಯಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೂ ಕಡಿಮೆಯಲ್ಲಿ ಮುಗಿಯುತ್ತದೆ. ಬೇರಿಗೆ ಇಳಿದರೆ ರೂಟ್ ಕೆನಾಲ್, ಕೆಲವು ಸಾವಿರ. ಹಲ್ಲು ಕಿತ್ತ ಮೇಲೆ ಇಂಪ್ಲಾಂಟ್, ಹತ್ತಾರು ಸಾವಿರ. ಕೆಚ್ಚಲು ಬಾವನ್ನು ಮೊದಲ ದಿನ ಹಿಡಿದವರಿಗೂ ನಾಲ್ಕನೇ ದಿನ ಹಿಡಿದವರಿಗೂ ಇರುವ ವ್ಯತ್ಯಾಸವೇ ಇದು.

ನಮ್ಮ ಸಂಘ ಏನು ಕೇಳಬಹುದು?

ನನ್ನ ಅಭಿಪ್ರಾಯ ಇದು. ವಿಮೆ ಹಲ್ಲಿಗೆ ಕೊಡುವುದಿಲ್ಲ ಎಂದು ಸುಮ್ಮನಿರಬೇಕಾಗಿಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ವಂತಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದೇ ರೂಪಾಯಿ. ಅಷ್ಟರಲ್ಲಿ ರೈತರಿಗೆ ಹೃದಯದ ಶಸ್ತ್ರಚಿಕಿತ್ಸೆ ಆದೀತು ಎಂದರೆ ನಂಬುವವರು ಕಡಿಮೆ ಇದ್ದರು. ಆದದ್ದು ಲಕ್ಷಾಂತರ ಸಹಕಾರಿಗಳು ಒಟ್ಟಾಗಿದ್ದರಿಂದ. 2018ರಲ್ಲಿ ಯೋಜನೆ ನಿಂತಿತು, 2022ರಲ್ಲಿ ಮತ್ತೆ ಜಾರಿಗೆ ಬಂತು. ಗ್ರಾಮೀಣ ಸಹಕಾರಿಗಳ ನಾಲ್ಕು ಜನರ ಕುಟುಂಬಕ್ಕೆ ಆಗ 500 ರೂಪಾಯಿ ವಂತಿಗೆ ನಿಗದಿಯಾಯಿತು. ಇದು ನಮ್ಮ ಯೋಜನೆ, ಇದರ ಪಟ್ಟಿಯಲ್ಲಿ ಏನಿರಬೇಕು ಎಂದು ಕೇಳುವ ಬಾಯಿ ನಮಗಿದೆ.

ಮೊದಲು ಇಂಪ್ಲಾಂಟನ್ನೇ ಕೇಳೋಣ ಎಂದು ನಾನು ಹೇಳುವುದಿಲ್ಲ. ಅಷ್ಟು ದುಬಾರಿಯಾದದ್ದನ್ನು ಎಲ್ಲರಿಗೂ ಕೊಡಹೊರಟರೆ ವಂತಿಗೆ ಏರುತ್ತದೆ, ಆಗ ಹೃದಯದ ಚಿಕಿತ್ಸೆಯೂ ಕೈಗೆ ಎಟುಕದು. ಹುಳುಕು ತುಂಬಿಸುವುದು, ರೂಟ್ ಕೆನಾಲ್, ಹಲ್ಲಿನ ಸೆಟ್ ಇವನ್ನು ಕೇಳೋಣ. ಇವು ಸಿಕ್ಕರೆ ಇಂಪ್ಲಾಂಟ್ ಬೇಕಾಗುವವರೇ ಕಡಿಮೆಯಾಗುತ್ತಾರೆ. ಅಪಘಾತದಲ್ಲಿ, ಅದರಲ್ಲೂ ದನದ ಕೆಲಸದಲ್ಲಿ ಪೆಟ್ಟಾಗಿ ಹೋದ ಹಲ್ಲಿಗೆ ಮಾತ್ರ ಇಂಪ್ಲಾಂಟ್ ಕೊಡಲಿ ಎಂದು ಕೇಳುವುದು ನ್ಯಾಯ, ಏಕೆಂದರೆ ಅದು ವಿಮೆಯ ನಿಜವಾದ ಕೆಲಸ.

ಸೆಪ್ಟೆಂಬರ್ ಒಳಗೆ ನಿಮ್ಮ ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ನಡೆಯುತ್ತದೆ. ಬೋನಸ್, ಹಾಲಿನ ದರದ ಜೊತೆ ಈ ಮೂರು ಮಾತನ್ನೂ ನಡಾವಳಿಯಲ್ಲಿ ಬರೆಸಿ. ಯಶಸ್ವಿನಿಯಲ್ಲಿ ಮೂಲ ದಂತ ಚಿಕಿತ್ಸೆ ಸೇರಿಸಲು ಒಕ್ಕೂಟದ ಮೂಲಕ ಮನವಿ ಮಾಡಬೇಕು. ಯಾವ ಕಾರ್ಡಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ಒಂದು ಹಾಳೆಯನ್ನು ಹಾಲಿನ ದರಪಟ್ಟಿಯ ಪಕ್ಕದಲ್ಲಿ ಅಂಟಿಸಬೇಕು. ಬರಡು ರಾಸುಗಳ ಶಿಬಿರ ಮಾಡುವ ಹಾಗೆ ವರ್ಷಕ್ಕೊಮ್ಮೆ ದಂತ ಕಾಲೇಜಿನವರನ್ನು ಕರೆಸಿ ಸದಸ್ಯೆಯರ ಹಲ್ಲು ತಪಾಸಣೆ ಮಾಡಿಸಬೇಕು. ನಿರ್ಣಯ ಮಂಡಿಸಲು ಒಬ್ಬರು, ಅನುಮೋದಿಸಲು ಇನ್ನೊಬ್ಬರು ಸಾಕು.

ಅದಕ್ಕೂ ಮೊದಲು, ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಮನೆಯ ಕಾರ್ಡುಗಳನ್ನೆಲ್ಲ ಒಮ್ಮೆ ಹೊರಗೆ ತೆಗೆದು ನೋಡಿ. ಯಾವುದರ ಅವಧಿ ಮುಗಿದಿದೆ, ಯಾವುದರಲ್ಲಿ ನಿಮ್ಮ ಹೆಸರೇ ಬಿಟ್ಟುಹೋಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.